ಬಣ್ಣಕ್ಕಿಂತ ಮೊದಲು ಪೈಪು: ಅಪ್ಪ ಕಟ್ಟಿಸಿದ ಮನೆಗೆ ಡಿಸೈನರ್ ಬಂದಾಗ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಈ ಕಡೆ ಯಾವ ಕ್ರಾಸಿಗೆ ಹೋದರೂ ಎರಡರಲ್ಲೊಂದು ಕಣ್ಣಿಗೆ ಬೀಳುತ್ತೆ. ಒಂದೋ ಹಳೇ ಮನೆ ಕೆಡವಿ ಅದೇ ಸೈಟಲ್ಲಿ ನಾಲ್ಕು ಅಂತಸ್ತು ಏಳ್ತಿರುತ್ತೆ. ಇಲ್ಲಾಂದ್ರೆ ಗೇಟಿನ ಮುಂದೆ ಒಡೆದ ಟೈಲ್ಸ್ ತುಂಬಿದ ಮೂಟೆಗಳು, ಕಾಂಪೌಂಡಿಗೆ ಒರಗಿಸಿದ ಪ್ಲೈವುಡ್ ಹಾಳೆಗಳು ಇರುತ್ತವೆ. ಅಪ್ಪ-ಅಮ್ಮ ಕಟ್ಟಿಸಿದ ಮನೆ, ಮಕ್ಕಳ ಸಂಬಳದಲ್ಲಿ ರಿಪೇರಿ ಆಗ್ತಿದೆ ಅಂತ ಅರ್ಥ.

ನಮ್ಮದೂ ಅದೇ ಕಥೆ. ಬಸವೇಶ್ವರನಗರದಲ್ಲಿ 30x40 ಸೈಟು, 1986ರಲ್ಲಿ ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅಪ್ಪನಿಗೆ ಮಂಡಿನೋವು, ಬಾತ್‌ರೂಮಿನ ಹೊಸ್ತಿಲು ದಾಟೋದೇ ಕಷ್ಟ. ಅಮ್ಮನ ಅಡುಗೆಮನೆಗೆ ಮಧ್ಯಾಹ್ನವೂ ಲೈಟ್ ಬೇಕು. ನನಗೆ ಮನೆಯಿಂದಲೇ ಆಫೀಸ್ ಕೆಲಸ ಮಾಡೋಕೆ ಒಂದು ಮೂಲೆ ಬೇಕು. ನನ್ನ ಉಳಿತಾಯ, ತಮ್ಮ ಪುಣೆಯಿಂದ ಕಳಿಸಿದ್ದು ಸೇರಿ ಕೈಯಲ್ಲಿದ್ದದ್ದು 12 ಲಕ್ಷ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಈ ಮನೆಗೆ ಈಗ ಏನಾಗಿದೆ ಅಂತ?"

ಅವರು ಕೋಪದಲ್ಲಿ ಕೇಳಿದ್ರು. ಆದ್ರೆ ರಿನೋವೇಶನ್‌ಗೆ ಕೈಹಾಕೋ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಮೊದಲು ಮನೆಯ ಹೆಲ್ತ್ ಚೆಕಪ್

ಫೋನಲ್ಲಿ ಚೆಂದದ ಅಡುಗೆಮನೆಗಳ ಫೋಟೋ ಸೇವ್ ಮಾಡೋದು ಸುಲಭ. ಹಳೇ ಮನೆಯ ಸಮಸ್ಯೆ ಇರೋದು ಫೋಟೋದಲ್ಲಿ ಕಾಣದ ಕಡೆ. ಎಂಬತ್ತರ ದಶಕದ ಮನೆಗಳಲ್ಲಿ ಗೋಡೆಯೊಳಗೆ ಜಿಐ ಪೈಪ್ ಇರೋದೇ ಹೆಚ್ಚು. ಅದು ಒಳಗಿಂದ ತುಕ್ಕು ಹಿಡಿದು ಕಿರಿದಾಗುತ್ತಾ ಬರುತ್ತೆ. ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬರೋದಕ್ಕೆ ಕಾರಣ ಸಾಮಾನ್ಯವಾಗಿ ಅದೇ. ಆಗಿನ ವೈರಿಂಗ್ ಮಾಡಿದ್ದು ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು, ಒಂದು ಮಿಕ್ಸಿಯ ಲೆಕ್ಕಕ್ಕೆ. ಈಗ ಅದೇ ವೈರಿನ ಮೇಲೆ ಗೀಸರ್, ಇಂಡಕ್ಷನ್ ಸ್ಟೋವ್, ಎಸಿ ಎಲ್ಲಾ ಕೂತಿವೆ.

ಹಾಗಾಗಿ ಡಿಸೈನರ್‌ಗೆ ಫೋನ್ ಮಾಡೋ ಮೊದಲು ನಾವು ಮೂವರನ್ನು ಕರೆಸಿದ್ವಿ: ಪ್ಲಂಬರ್, ಎಲೆಕ್ಟ್ರಿಷಿಯನ್ ಮತ್ತು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್. ಒಂದು ಭಾನುವಾರ ಪೂರ್ತಿ ಮನೆ ಸುತ್ತಿ ಅವರು ಕೊಟ್ಟ ಪಟ್ಟಿ ಹೀಗಿತ್ತು:

- ನೀರಿನ ಲೈನ್ ಪೂರ್ತಿ ಬದಲಿಸಿ ಸಿಪಿವಿಸಿ ಹಾಕಬೇಕು.
- ಗೀಸರ್, ಎಸಿಗೆ 4 ಚದರ ಮಿ.ಮೀ., ಪವರ್ ಸಾಕೆಟ್‌ಗೆ 2.5, ಲೈಟ್-ಫ್ಯಾನ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರು ಬೇಕು. ಅರ್ಥಿಂಗ್ ಹೊಸದಾಗಿ ಆಗಬೇಕು. ಕರೆಂಟ್ ಲೀಕ್ ಆದ ಕೂಡಲೇ ಸಪ್ಲೈ ಕಟ್ ಮಾಡೋ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ.
- ಮೇಲಿನ ಬಾತ್‌ರೂಮಿಂದ ಕೆಳಗೆ ಇಳೀತಿರೋ ತೇವ ನಿಲ್ಲಿಸದೆ ಬೆಡ್‌ರೂಮಿಗೆ ಬಣ್ಣ ಹೊಡೆಯಬಾರದು.

ಈ ಮೂರಕ್ಕೇ ಮೂರೂವರೆ ಲಕ್ಷ ಆಗುತ್ತೆ ಅಂತ ಅಂದಾಜು ಸಿಕ್ತು. 12 ಲಕ್ಷದಲ್ಲಿ ಅದನ್ನ ಕಳೆದು, ಗೋಡೆ ಒಡೆದಾಗ ಏನು ಸಿಗುತ್ತೋ ಅಂತ ಇನ್ನೂ 1.2 ಲಕ್ಷ ಎತ್ತಿಟ್ವಿ. ಡಿಸೈನರ್ ಮುಂದೆ ಕೂತಾಗ ನಾವು ಹೇಳಿದ ಬಜೆಟ್ ಉಳಿದ 7.3 ಲಕ್ಷ ಮಾತ್ರ. ಹಳೇ ಮನೆಗೆ ಈ ಕ್ರಮ ಬಹಳ ಮುಖ್ಯ. ಒಟ್ಟು ಬಜೆಟ್ಟೇ ಕಪಾಟು, ಫಾಲ್ಸ್ ಸೀಲಿಂಗ್‌ಗೆ ಹಂಚಿಹೋದರೆ ಪೈಪು ಹಳೇದೇ ಉಳಿಯುತ್ತೆ. ಮೂರು ವರ್ಷಕ್ಕೆ ಹೊಸ ಟೈಲ್ಸ್ ಮತ್ತೆ ಒಡೆಯಬೇಕಾಗುತ್ತೆ.

ಆ ಒಂಬತ್ತು ಇಂಚಿನ ಗೋಡೆ

ಡಿಸೈನರ್ ಬಂದ ಮೊದಲ ವಾರವೇ ಓಪನ್ ಕಿಚನ್ ಮಾತು ಬಂತು. ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆದ್ರೆ ಬೆಳಕು ಬರುತ್ತೆ ಅಂತ 3ಡಿ ಚಿತ್ರ ಕೂಡ ತೋರಿಸಿದ್ರು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅಪ್ಪ ಎದ್ದು ಹೋಗಿ ಆ ಗೋಡೆಗೆ ಕೈ ಇಟ್ಟು, "ಇದನ್ನ ಮುಟ್ಟಿದ್ರೆ ನಾನು ಊರಿಗೆ ಹೋಗಿಬಿಡ್ತೀನಿ ನೋಡಮ್ಮ" ಅಂದ್ರು.

ಜಗಳ ಬಗೆಹರಿಸಿದ್ದು ಎಂಜಿನಿಯರ್. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಹಳಷ್ಟಕ್ಕೆ ಪಿಲ್ಲರ್ ಇಲ್ಲ. ಮೇಲಿನ ಆರ್‌ಸಿಸಿ ಭಾರವೆಲ್ಲ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ಹೊರ್ತವೆ. ನಾಲ್ಕೂವರೆ ಇಂಚಿನದು ಸಾಮಾನ್ಯವಾಗಿ ಬರೀ ಅಡ್ಡಗೋಡೆ. ನಮ್ಮದು ಒಂಬತ್ತು ಇಂಚಿನದು, ಮೇಲೆ ಇನ್ನೊಂದು ಮನೆ ಬೇರೆ ಕೂತಿದೆ. ತೆಗೆಯಲೇಬೇಕಂದ್ರೆ ಕಬ್ಬಿಣದ ಬೀಮ್ ಕೊಟ್ಟು, ಲೆಕ್ಕ ಹಾಕಿ ತೆಗೀಬೇಕು, ಅದಕ್ಕೆ ಖರ್ಚೂ ಹಾಗೇ ಅಂದ್ರು. ಡಿಸೈನರ್ ಮರುಮಾತಿಲ್ಲದೆ ಒಪ್ಪಿದ್ರು. ಯುಟಿಲಿಟಿ ಕಡೆಗಿದ್ದ ಕಿಟಕಿಯನ್ನ ಅದೇ ಅಗಲದಲ್ಲಿ ಕೆಳಕ್ಕೆ ಇಳಿಸಿ ದೊಡ್ಡದು ಮಾಡಿದ್ರು, ಲಿಂಟಲ್ ಮುಟ್ಟಲಿಲ್ಲ. ಬೆಳಕು ಬಂತು, ಅಪ್ಪನೂ ಊರಿಗೆ ಹೋಗಲಿಲ್ಲ.

ನಿಮ್ಮನೆಯಲ್ಲೂ ಯಾವ ಗೋಡೆ ಒಡೆಯೋ ಮಾತು ಬಂದರೂ ಮೊದಲು ದಪ್ಪ ಅಳೆಯಿರಿ. ಆಮೇಲೆ ಎಂಜಿನಿಯರ್ ಹತ್ರ ಲಿಖಿತವಾಗಿ ಅಭಿಪ್ರಾಯ ತಗೊಳ್ಳಿ. ಮೇಸ್ತ್ರಿ "ಏನೂ ಆಗಲ್ಲ ಸಾರ್" ಅಂದ ಮಾತು ಸಾಲದು.

ಡಿಸೈನರ್ ಅಂದ್ರೆ ಯಾರು?

ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳೋಕೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಅನ್ನೋ ಹೆಸರಿಗೆ ಅಂಥ ಕಾಯ್ದೆಯಿಲ್ಲ. ಒಳ್ಳೆ ಕಾಲೇಜಲ್ಲಿ ಓದಿ ಹತ್ತು ವರ್ಷ ಕೆಲಸ ಮಾಡಿದವರೂ ಅದೇ ಬೋರ್ಡ್ ಹಾಕ್ತಾರೆ, ನಿನ್ನೆವರೆಗೆ ಪ್ಲೈವುಡ್ ಮಾರುತ್ತಿದ್ದವರೂ ಅದೇ ಬೋರ್ಡ್ ಹಾಕ್ತಾರೆ. ಹಾಗಾಗಿ ಫೋಟೋ ಆಲ್ಬಂ ನೋಡಿದ್ರೆ ಸಾಲದು. ಅವರು ಎರಡು-ಮೂರು ವರ್ಷದ ಹಿಂದೆ ಮಾಡಿದ ಒಂದು ಮನೆಗೆ ಹೋಗಿ. ಸಿಂಕ್ ಕೆಳಗಿನ ಕಪಾಟು ತೆಗೆದು ನೋಡಿ. ಪ್ಲೈ ಊದಿಕೊಂಡಿದೆಯಾ, ಕೀಲು ಸಡಿಲವಾಗಿದೆಯಾ ಅಲ್ಲೇ ಗೊತ್ತಾಗುತ್ತೆ.

ಶುಲ್ಕದ ರೀತಿ ಮೂರು. ಚದರ ಅಡಿಗೆ ಇಷ್ಟು ಅಂತ ಬರೀ ಡಿಸೈನ್ ಫೀ; ಒಟ್ಟು ಖರ್ಚಿನಲ್ಲಿ ಶೇಕಡಾವಾರು; ಡಿಸೈನ್, ಸಾಮಾನು, ಕೆಲಸ ಎಲ್ಲ ಸೇರಿದ ಟರ್ನ್‌ಕೀ. ಶೇಕಡಾವಾರು ಆದ್ರೆ ನಿಮ್ಮ ಖರ್ಚು ಏರಿದಷ್ಟೂ ಅವರ ಫೀ ಏರುತ್ತೆ. ಟರ್ನ್‌ಕೀಯಲ್ಲಿ "ಡಿಸೈನ್ ಫ್ರೀ" ಅಂದ್ರೂ ಅದರ ಬೆಲೆ ಸಾಮಾನಿನ ರೇಟಲ್ಲಿ ಸೇರಿರುತ್ತೆ. ಮೂರರಲ್ಲಿ ಯಾವುದೂ ತಪ್ಪಲ್ಲ, ಯಾವುದು ಅಂತ ಮೊದಲೇ ಗೊತ್ತಿರಬೇಕು ಅಷ್ಟೆ.

ಅಳತೆ ಅಮ್ಮನದ್ದು

ನಾನು ಡಿಸೈನರ್‌ಗೆ ಹಾಕಿದ ಷರತ್ತು ಒಂದೇ: ಅಡುಗೆಮನೆ ಬಗ್ಗೆ ನನ್ನ ಹತ್ರ ಅಲ್ಲ, ಅಮ್ಮನ ಹತ್ರ ಮಾತಾಡಿ. ದುಡ್ಡು ಕೊಡೋರು ನಾವಾದ್ರೂ ದಿನಕ್ಕೆ ಐದು ಗಂಟೆ ಅಲ್ಲಿ ನಿಲ್ಲೋರು ಅವರು.

ಆ ಹುಡುಗಿ ಒಂದು ಬೆಳಗ್ಗೆ ಬಂದು ತಿಂಡಿ ಆಗೋವರೆಗೂ ಅಡುಗೆಮನೆಯಲ್ಲೇ ನಿಂತಿದ್ರು. ಮಾಡ್ಯುಲರ್ ಕಿಚನ್‌ನಲ್ಲಿ ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಇಂಚಿನ ಆಸುಪಾಸು. ಅಮ್ಮ ಐದಡಿಗೂ ಒಂದಿಂಚು ಕಮ್ಮಿ. ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಇದ್ರೆ ಭುಜಕ್ಕೆ ನೋವಿಲ್ಲ ಅನ್ನೋ ಲೆಕ್ಕದಲ್ಲಿ ಒಲೆ ಇರೋ ಭಾಗ 32 ಇಂಚಿಗೆ ಇಳೀತು. ಸಿಂಕ್ ಭಾಗ 34ರಲ್ಲೇ ಉಳೀತು, ಯಾಕಂದ್ರೆ ಸಿಂಕಿನ ತಳ ಹೇಗಿದ್ರೂ ಕೆಳಗಿರುತ್ತೆ.

ಅಮ್ಮ ಈಳಿಗೆಮಣೆ ಬಿಡೋದಿಲ್ಲ. ತೆಂಗಿನಕಾಯಿ ತುರಿಯೋದೂ ನೆಲದ ಮೇಲೆ ಕೂತೇ. "ಏನಮ್ಮಾ, ಅದಕ್ಕೆಲ್ಲಿ ಜಾಗ ಇಟ್ಟಿದ್ದೀಯಾ?" ಅಂತ ಕೇಳಿದ್ರು. ಐಲ್ಯಾಂಡ್ ಕೌಂಟರ್ ಅಂತ ಬರೆದಿದ್ದ ಜಾಗ ಖಾಲಿ ನೆಲವಾಗಿ ಉಳೀತು. ಹಾಲಿನ ರೆಡ್ ಆಕ್ಸೈಡ್ ನೆಲ ಕೂಡ ಉಳೀತು. ಬಿರುಕಿಗೆ ಅದೇ ಬಣ್ಣದ ಗಾರೆ ತುಂಬಿ ಪಾಲಿಶ್ ಮಾಡಿಸಿದ್ದಕ್ಕೆ ಹೊಸ ಟೈಲ್ಸ್‌ಗಿಂತ ಎಷ್ಟೋ ಕಮ್ಮಿ ಆಯ್ತು.

ಅಪ್ಪನ ಬಾತ್‌ರೂಮಿಗೆ ಜಾರದ ಟೈಲ್ಸ್, ಹೊಸ್ತಿಲಿಲ್ಲದ ಬಾಗಿಲು, ಕಮೋಡ್ ಪಕ್ಕ ಹಿಡಿಕೆ ಬಂತು. ಬಾಗಿಲು ಹೊರಕ್ಕೆ ತೆರೆಯುತ್ತೆ. ಒಳಗೆ ಯಾರಾದ್ರೂ ಬಿದ್ದರೆ ಒಳಕ್ಕೆ ತೆರೆಯೋ ಬಾಗಿಲನ್ನ ತಳ್ಳೋಕಾಗಲ್ಲ. ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಸೋರಲ್ಲ ಅಂತ ನೋಡಿಯೇ ಟೈಲ್ಸ್ ಹಾಕಿದ್ರು. ಈ ಪರೀಕ್ಷೆಯನ್ನ ನೀವೇ ಕೇಳಿ ಮಾಡಿಸಿ, ಆತುರದಲ್ಲಿ ಮೊದಲು ಬಿಟ್ಟುಹೋಗೋದೇ ಇದು.

ಕೊಟೇಶನ್ ಓದೋದು ಹೀಗೆ

ವಾರ್ಡ್‌ರೋಬ್‌ಗೆ ರೇಟ್ ಹಾಕೋದು ಸಾಮಾನ್ಯವಾಗಿ ಮುಂಭಾಗದ ಅಗಲ ಗುಣಿಸು ಎತ್ತರದ ಮೇಲೆ. ಉದಾಹರಣೆಗೆ 7x7 ಅಡಿ ಅಂದ್ರೆ 49 ಚದರ ಅಡಿ. ಅಡಿಗೆ 1,500 ರೂಪಾಯಿ ಅಂತಿಟ್ಟುಕೊಂಡ್ರೆ 73,500. ಮೇಲೆ ಎರಡಡಿ ಅಟ್ಟ ಸೇರಿದ್ರೆ 63 ಚದರ ಅಡಿ, 94,500. ಶೇ 18 ಜಿಎಸ್‌ಟಿ ಸೇರಿದ್ರೆ 1,11,510. ಮಾತಲ್ಲಿ ಕೇಳಿದ್ದು ಎಪ್ಪತ್ಮೂರು ಸಾವಿರ, ಬಿಲ್ಲಲ್ಲಿ ಬರೋದು ಒಂದು ಲಕ್ಷದ ಮೇಲೆ. ಹಾಗಾಗಿ ಅಟ್ಟ, ಹ್ಯಾಂಡಲ್, ಒಳಗಿನ ಡ್ರಾಯರ್, ತೆರಿಗೆ ಎಲ್ಲ ಸೇರಿದೆಯಾ ಅಂತ ಸಾಲು ಸಾಲಾಗಿ ಕೇಳಿ.

"ಒಳ್ಳೆ ಪ್ಲೈ" ಅಂತ ಬರೆದಿದ್ರೆ ಒಪ್ಪಬೇಡಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ನೀರು ತಡೆಯೋ ಮರೈನ್ ಪ್ಲೈವುಡ್. ಸಿಂಕ್ ಸುತ್ತ ಎರಡನೆಯದೇ ಬೇಕು, ಒಣಗಿದ ಬೆಡ್‌ರೂಮಿಗೆ ಮೊದಲನೆಯದು ಸಾಕು. ಬ್ರ್ಯಾಂಡ್, ದಪ್ಪ, ಕೀಲುಗಳ ಹೆಸರು ಎಲ್ಲಾ ಕಾಗದದಲ್ಲಿರಲಿ. ಲೈಟು, ಸ್ವಿಚ್‌ಗಳ ಬೆಲೆ ಹೋಲಿಸೋಕೆ ಒಂದು ಶನಿವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಿ ಬನ್ನಿ. ಡಿಸೈನರ್ ಜೊತೆ ಮಾತಾಡುವಾಗ ಧೈರ್ಯ ಇರುತ್ತೆ.

ಆಷಾಢದಲ್ಲಿ ಚಿತ್ರ, ದೀಪಾವಳಿ ಮೇಲೆ ಸುತ್ತಿಗೆ

ಆಷಾಢದಲ್ಲಿ ಕೆಲಸ ಶುರು ಮಾಡೋದು ಬೇಡ ಅಂದ್ರು ಅಮ್ಮ. ಸರಿ, ಆ ತಿಂಗಳು ಪೂರ್ತಿ ಡ್ರಾಯಿಂಗ್, ರೇಟು, ಪಟ್ಟಿಗೆ ಕೊಟ್ವಿ. ಬೆಂಗಳೂರಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಜೋರು, ಗೋಡೆ ಒಣಗಲ್ಲ. ದೀಪಾವಳಿ ಕಳೆದು ಒಡೆಯೋಕೆ ಶುರು ಮಾಡಿ, ಸಂಕ್ರಾಂತಿಗೆ ಕಾರ್ಪೆಂಟರ್ ಒಳಗೆ ಬಂದು, ಯುಗಾದಿಗೆ ಮುಗೀತು. ಆ ನಾಲ್ಕು ತಿಂಗಳೂ ನಾವು ಅಲ್ಲೇ ಇದ್ವಿ. ಅರ್ಧ ಮನೆಯಲ್ಲಿ ಕೆಲಸ, ಅರ್ಧದಲ್ಲಿ ಸಂಸಾರ. ಒಡೆಯೋ ವಾರಗಳಲ್ಲಿ ಮಾತ್ರ ಅಪ್ಪ-ಅಮ್ಮನನ್ನ ಕೆಂಗೇರಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದೆ. ಧೂಳಿಗೆ ವಯಸ್ಸಾದವರನ್ನ ಒಡ್ಡಬೇಡಿ.

ದುಡ್ಡು, ಕಾಗದ, ಕೊನೆಗೆ ಕಾನೂನು

ಕಂತುಗಳನ್ನ ದಿನಾಂಕಕ್ಕೆ ಕಟ್ಟಬೇಡಿ, ಮುಗಿದ ಕೆಲಸಕ್ಕೆ ಕಟ್ಟಿ. ನಮ್ಮದು 10-40-40-10. ಕೊನೆಯ ಹತ್ತು ಭಾಗ ಎಲ್ಲ ಮುಗಿದು ಒಂದು ತಿಂಗಳು ಬಳಸಿ ನೋಡಿದ ಮೇಲೆ. ಮಧ್ಯೆ ಏನೇ ಬದಲಾವಣೆ ಹೇಳಿದ್ರೂ ಅವತ್ತೇ ವಾಟ್ಸಾಪಲ್ಲಿ "ಇದಕ್ಕೆ ಇಷ್ಟು ಹೆಚ್ಚು" ಅಂತ ಬರೆಸಿಕೊಳ್ಳಿ. ಬಾಯಿಮಾತಿನ ಬದಲಾವಣೆಯೇ ಮುಂದೆ ಜಗಳಕ್ಕೆ ಮೂಲ.

ದುಡ್ಡು ತಗೊಂಡು ಕೆಲಸ ನಿಲ್ಲಿಸಿದ್ರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅದು ಸೇವೆಯ ಕೊರತೆ. ಮೊದಲು 1915ಕ್ಕೆ ಕರೆ ಮಾಡಬಹುದು. ನೀವು ಕೊಟ್ಟ ಮೊತ್ತ 50 ಲಕ್ಷದೊಳಗಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ಆಗ ಕೈಹಿಡಿಯೋದು ಒಪ್ಪಂದ, ಬಿಲ್ಲು, ಆ ವಾಟ್ಸಾಪ್ ಮೆಸೇಜುಗಳೇ.

ಇನ್ನೊಂದು ಕೆಲಸಕ್ಕೆ ಪೈಸೆ ಖರ್ಚಿಲ್ಲ. ಪೈಪು, ವೈರು ಹಾಕಿ ಗೋಡೆ ಮುಚ್ಚೋ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ನಮ್ಮ ಮನೆಯ ಅಂಥ 64 ಫೋಟೋ ಈಗ ನನ್ನ, ತಮ್ಮನ, ಅಪ್ಪನ ಮೂವರ ಫೋನಲ್ಲೂ ಇವೆ. ಮೊನ್ನೆ ಗಡಿಯಾರ ನೇತುಹಾಕೋಕೆ ಮೊಳೆ ಹೊಡೆಯೋ ಮೊದಲು ಅಪ್ಪ ಕನ್ನಡಕ ಹಾಕಿಕೊಂಡು ಫೋಟೋ ಹುಡುಕಿದ್ರು. "ಇಲ್ಲಿ ವೈರಿದೆ, ಒಂದಡಿ ಎಡಕ್ಕೆ ಹೊಡಿ" ಅಂದ್ರು.