ಭೂಮಿ ಹುಣ್ಣಿಮೆ ಕಳೆದ ಮೇಲೆ ಮೂರು ದಿನ: ಹೊಸ ಜೋಡಿಗೆ ಮೈಸೂರು

ಮದುವೆಯಾಗಿ ಒಂದೆರಡು ವರ್ಷವಾದ ನಮ್ಮ ತೋಟದ ಮನೆಗಳ ಮಕ್ಕಳನ್ನು "ಇಬ್ಬರೂ ಎಲ್ಲಿಗಾದರೂ ಹೋಗಿ ಬಂದಿರಾ?" ಎಂದು ಕೇಳಿ ನೋಡಿ. ಮದುವೆಯ ಹೊಸತರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ನಂಟರ ಮನೆಗಳ ಔತಣದೂಟ, ಅಲ್ಲಿಗೆ ಮುಗಿಯಿತು. ಆಮೇಲೆ ಮಳೆಗಾಲ ಬಂತು, ಔಷಧಿ ಹೊಡೆಯುವುದು ಬಂತು, ಕೊಯ್ಲು, ಒಣಗಿಸುವುದು, ಸುಲಿಯುವುದು, ಬೇಸಿಗೆಯ ನೀರು ಎಲ್ಲವೂ ಒಂದರ ಬೆನ್ನಿಗೊಂದು ಬಂದವು. ಪೇಟೆಯಲ್ಲಿ ನೌಕರಿ ಮಾಡುವವನಿಗೆ ಭಾನುವಾರವಾದರೂ ಉಂಟು. ತೋಟದವನಿಗೆ ಅದೂ ಇಲ್ಲ. "ತೋಟದ ಮನೆಗೆ ಹೆಣ್ಣು ಕೊಡುವವರಿಲ್ಲ" ಎಂದು ಸಂಘದ ಸಭೆಗೆ ಬಂದಾಗಲೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ನಾವೇ ಮಾತಾಡಿಕೊಳ್ಳುತ್ತೇವೆ. ಬಂದ ಹೆಣ್ಣುಮಗಳು ವರ್ಷಕ್ಕೆ ಮೂರು ದಿನ ಗಂಡನ ಜೊತೆ ಹೊರಗೆ ಹೋಗಿ ಬರಲಿ ಎಂಬ ವಿಚಾರ ಮಾತ್ರ ಆ ಮಾತಿನ ನಡುವೆ ಬರುವುದು ಕಡಿಮೆ. ಹಣವಿಲ್ಲ, ಪುರುಸೊತ್ತಿಲ್ಲ ಎಂಬುದು ನಾವು ಕೊಡುವ ಎರಡು ಕಾರಣಗಳು. ಎರಡಕ್ಕೂ ದಾರಿ ಇದೆಯೇ ಎಂದು ಇಲ್ಲಿ ನೋಡೋಣ.

ಮೊದಲು ಪುರುಸೊತ್ತಿನ ಮಾತು. ನಮ್ಮ ವರ್ಷದಲ್ಲಿ ಒಂದು ಸಣ್ಣ ಸಂದು ಇದೆ, ಅದು ಶರದೃತುವಿನಲ್ಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮುಗಿದಿರುತ್ತದೆ. ಮಳೆಯ ತೇವ ನೆಲದಲ್ಲಿ ಇನ್ನೂ ಇರುವುದರಿಂದ ನೀರು ಹಾಯಿಸುವ ಚಿಂತೆ ಶುರುವಾಗಿರುವುದಿಲ್ಲ. ಅರೇಬಿಕಾ ಹಣ್ಣು ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ, ರೋಬಸ್ಟಾ ಇನ್ನೂ ತಡ. ಚಾಲಿ ಮಾಡುವವರಿಗೆ ಅಡಿಕೆ ಹಣ್ಣಾಗಲು ಸಮಯವಿದೆ. ಕೆಂಪಡಿಕೆಯವರಿಗೆ ಮಾತ್ರ ಇದು ಅಷ್ಟು ಸುಲಭವಲ್ಲ, ಕೊಯ್ಲು ಆಗಲೇ ಹಿಡಿದಿರುತ್ತದೆ; ಒಂದು ಕೊಯ್ಲಿಗೂ ಮುಂದಿನ ಕೊಯ್ಲಿಗೂ ನಡುವಿನ ದಿನಗಳನ್ನು ಅವರು ಹುಡುಕಿಕೊಳ್ಳಬೇಕು.

ಪಂಚಾಂಗ ತೆಗೆದು ನೋಡಿದರೆ ದಿನ ಇನ್ನೂ ಸ್ಪಷ್ಟವಾಗುತ್ತದೆ. ವಿಜಯದಶಮಿಯಾಗಿ ಐದು ದಿನಕ್ಕೆ ಭೂಮಿ ಹುಣ್ಣಿಮೆ. ಅಂದು ಭೂಮಿತಾಯಿಗೆ ಬಯಕೆಯ ಚರಗ ಚೆಲ್ಲುವ ಮನೆಗಳಲ್ಲಿ ಸೊಸೆ ಇಲ್ಲದಿದ್ದರೆ ನಡೆಯದು. ಅದಾಗಿ ನರಕ ಚತುರ್ದಶಿಯವರೆಗೆ ಸುಮಾರು ಎರಡು ವಾರ ಸಿಗುತ್ತದೆ. ಕೊಡಗಿನವರು ಅಕ್ಟೋಬರ್ 17ರ ಸುಮಾರಿಗೆ ಬರುವ ಕಾವೇರಿ ಸಂಕ್ರಮಣವನ್ನೂ ಲೆಕ್ಕಕ್ಕೆ ಹಿಡಿಯಲಿ. ಆ ಎರಡು ವಾರದಲ್ಲಿ ಮೂರು ದಿನ, ಅಷ್ಟೇ ನಾವು ಕೇಳುತ್ತಿರುವುದು.

ಊರು ಮೈಸೂರು ಆಗಲಿ ಎಂಬುದು ನಮ್ಮ ಸಲಹೆ. ಕೊಡಗು, ಹಾಸನ, ಚಿಕ್ಕಮಗಳೂರು, ಸುಳ್ಯ, ಪುತ್ತೂರು ಎಲ್ಲೆಡೆಯಿಂದಲೂ ಅದು ಒಂದು ಹಗಲಿನ ದಾರಿ. ಶಿವಮೊಗ್ಗದಿಂದ ಅರಸೀಕೆರೆ, ಹಾಸನದ ಮೇಲಾಗಿ ರೈಲೂ ಇದೆ. ಶಿರಸಿ, ಸಿದ್ದಾಪುರದವರಿಗೆ ದೂರವಾಯಿತು ಅನ್ನಿಸಿದರೆ ಇದೇ ಲೆಕ್ಕವನ್ನು ಧಾರವಾಡಕ್ಕೆ ಹಚ್ಚಿಕೊಳ್ಳಬಹುದು. "ಮೈಸೂರು ಎಂದರೆ ದಸರೆಗಲ್ಲವೇ ಹೋಗಬೇಕಾದ್ದು?" ಎಂದು ಕೇಳುವವರಿದ್ದಾರೆ. ಕೈಯಲ್ಲಿ ಹಣ ಕಡಿಮೆ ಇರುವವರು ದಸರೆಗೆ ಹೋಗಬಾರದು ಎಂದೇ ನಾವು ಹೇಳುತ್ತೇವೆ. ಆ ಹತ್ತು ದಿನ ಕೋಣೆಯ ಬಾಡಿಗೆ ಏರಿರುತ್ತದೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಂಬೂ ಸವಾರಿಯ ಆನೆಗಳು ಕಾಡಿಗೆ ಮರಳಿದ ಮೇಲೆ ಊರು ತನ್ನ ಪಾಡಿಗೆ ತಾನು ಬರುತ್ತದೆ. ದಸರಾ ವಸ್ತುಪ್ರದರ್ಶನವಂತೂ ಹಬ್ಬ ಮುಗಿದು ವಾರಗಟ್ಟಲೆ ನಡೆಯುತ್ತಲೇ ಇರುತ್ತದೆ. ಹಬ್ಬದ ರುಚಿ ಅಷ್ಟು ಸಾಕು.

ಇನ್ನು ಹಣ. ಅಕ್ಟೋಬರ್ ನಮಗೆ ಕೈ ಬಿಗಿಯಾದ ತಿಂಗಳು. ಹಿಂದಿನ ಫಸಲಿನ ದುಡ್ಡು ಕರಗಿರುತ್ತದೆ, ಮುಂದಿನದು ಇನ್ನೂ ಮರದಲ್ಲಿರುತ್ತದೆ. ಆದ್ದರಿಂದ ಹೊರಡುವ ವಾರ ಹಣ ಹೊಂದಿಸಲು ಹೊರಟರೆ ಅದು ಬೆಳೆಸಾಲದಿಂದಲೋ ಅತ್ತೆಯ ಪೆಟ್ಟಿಗೆಯಿಂದಲೋ ಬರಬೇಕಾಗುತ್ತದೆ. ಎರಡೂ ಬೇಡ. ದಿನಕ್ಕೆ 20 ರೂಪಾಯಿಯ ಪಿಗ್ಮಿ ಕಟ್ಟಿದರೆ ವರ್ಷಕ್ಕೆ 7,300 ರೂಪಾಯಿ ಆಗುತ್ತದೆ. ಪೇಟೆಗೆ ಹೋದಾಗ ಗಂಡಸರು ಕುಡಿಯುವ ಚಹಾ, ಹಾಕುವ ಕವಳ ಇವುಗಳಲ್ಲೇ ಇದನ್ನು ಉಳಿಸಬಹುದು. ಕವಳ ಬಿಡಿ ಎಂದು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬರೆಯುವುದು ಸರಿಯಲ್ಲ, ಚಹಾವನ್ನೇ ಬಿಡಲಿ. ಪಿಗ್ಮಿಯನ್ನು ಸೊಸೆಯ ಹೆಸರಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ಅವಳಿಗೂ ಬರುತ್ತದೆ.

ಏಳು ಸಾವಿರ ಎಂದು ಹಿಡಿದು ಮೊದಲೇ ಮಿತಿ ಹಾಕಿಕೊಳ್ಳಿ. ಎರಡು ರಾತ್ರಿಯ ಕೋಣೆಗೆ 2,400, ಬಸ್ಸಿಗೆ 1,000, ನೋಡುವ ಸ್ಥಳಗಳ ಟಿಕೆಟಿಗೆ 1,000, ಊಟ ತಿಂಡಿಗೆ ದಿನಕ್ಕೆ 600ರಂತೆ 1,800, ಆಟೋಗೆ 300. ಒಟ್ಟು 6,500 ಆಯಿತು. ಉಳಿದ ಐನೂರು ಕೈಮಿಗಿಲು. ಇವು ದರಗಳಲ್ಲ, ನಾವು ಹಾಕಿಕೊಂಡ ಬೇಲಿ. ಒಂದು ಕಡೆ ದಾಟಿದರೆ ಇನ್ನೊಂದು ಕಡೆ ಒತ್ತಬೇಕು.

ಬಸ್ಸಿನ ಖರ್ಚು ಕಡಿಮೆ ಎಂದು ಕಾಣಬಹುದು. ಅದಕ್ಕೆ ಕಾರಣವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಮತ್ತು ವೇಗದೂತಗಳಲ್ಲಿ ಟಿಕೆಟಿನ ಹಣವಿಲ್ಲ, ಮೈಸೂರಿನ ನಗರ ಬಸ್ಸುಗಳಲ್ಲೂ ಹಾಗೆಯೇ. ಎಂದರೆ ಜೋಡಿಗೆ ಒಂದೇ ಟಿಕೆಟು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಇನ್ನೊಂದು ಮಾತು, ಕಾಸರಗೋಡು ಕಡೆಯಿಂದ ಬಂದ ಸೊಸೆಯಂದಿರ ಗುರುತಿನ ಚೀಟಿಯಲ್ಲಿ ತವರಿನ ಕೇರಳದ ವಿಳಾಸವೇ ಇದ್ದರೆ ಕಂಡಕ್ಟರು ಒಪ್ಪುವುದಿಲ್ಲ. ವಿಳಾಸ ಬದಲಿಸುವ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿಕೊಳ್ಳಬೇಕು. ಕೋಣೆ ಹಿಡಿಯುವಾಗಲೂ ಇಬ್ಬರ ಗುರುತಿನ ಚೀಟಿ ಕೇಳುತ್ತಾರೆ.

ಕೋಣೆಯ ವಿಷಯದಲ್ಲಿ ಒಂದು ಚರ್ಚೆ ಪ್ರತಿ ಮನೆಯಲ್ಲೂ ಹುಟ್ಟುತ್ತದೆ. "ಮೈಸೂರಿನಲ್ಲಿ ಚಿಕ್ಕಮ್ಮನ ಮನೆ ಇರುವಾಗ ಲಾಡ್ಜಿಗೆ ದುಡ್ಡು ಸುರಿಯುವುದೇಕೆ?" ಚಿಕ್ಕಮ್ಮನ ಮನೆಯಲ್ಲಿ ಉಳಿದರೆ 2,400 ಉಳಿಯುತ್ತದೆ, ಸರಿ. ಆದರೆ ಬರಿಗೈಯಲ್ಲಿ ಹೋಗುವಂತಿಲ್ಲ, ಹೊತ್ತಿಗೆ ಸರಿಯಾಗಿ ಊಟಕ್ಕೆ ಮರಳಬೇಕು, ಸೊಸೆ ಅಲ್ಲಿಯೂ ಒಲೆಯ ಮುಂದೆ ನಿಲ್ಲಬೇಕು. ಹಾಗಾದರೆ ಅವಳು ಹೊರಗೆ ಹೋದದ್ದೆಲ್ಲಿ? ನಂಟರ ಮನೆಗೆ ಬೇರೆ ಸಲ ಹೋಗಲಿ. ಹಾಗೆಯೇ ಸ್ಪ್ರೇಯರಿನ ಬಿಡಿಭಾಗ, ಮೋಟಾರು ರಿಪೇರಿ, ಅಪ್ಪನ ಕನ್ನಡಕ ಇತ್ಯಾದಿ ಕೆಲಸಗಳ ಪಟ್ಟಿಯನ್ನು ಹುಡುಗನ ಜೇಬಿಗೆ ತುರುಕಬೇಡಿ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಶುಚಿಯಾದ ಸಾದಾ ಕೋಣೆ ಸಾಕು. ಹಣ ಕೊಡುವ ಮುನ್ನ ಕೋಣೆಯನ್ನು, ಅದರಲ್ಲೂ ಬಚ್ಚಲನ್ನು, ಕಣ್ಣಾರೆ ನೋಡಿ.

ಭಾನುವಾರ ಬೆಳಿಗ್ಗೆ ಹೊರಟು ಮಂಗಳವಾರ ಮರಳುವುದು ಅನುಕೂಲ. ಶನಿವಾರದ ಜನ ಭಾನುವಾರ ಸಂಜೆಗೆ ಖಾಲಿಯಾಗುವುದರಿಂದ ಕೋಣೆ ಸುಲಭವಾಗಿ ಸಿಗುತ್ತದೆ. ಭಾನುವಾರ ಸಂಜೆಯೇ ಅರಮನೆಗೆ ದೀಪ ಹಚ್ಚುವುದು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಕಾಲದಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದರೆ ಒಳಗಿನ ಕಲ್ಯಾಣ ಮಂಟಪ, ಅಂಬಾವಿಲಾಸ ನೋಡಿಕೊಂಡು ಹೊರಬರಬಹುದು. ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿಕೊಳ್ಳುತ್ತವೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ವೋಲ್ಟೇಜು ಇಲ್ಲದೆ ಪಂಪು ಓಡಿಸಲಾಗದೆ ಕೂತವರಿಗೆ ಬೇರೆ ಯೋಚನೆಯೂ ಬಂದೀತು, ಅದನ್ನು ಊರಿಗೆ ಬಂದು ಮಾಡಲಿ.

ಸೋಮವಾರ ಬೆಳಕು ಹರಿಯುವಾಗಲೇ ಚಾಮುಂಡಿ ಬೆಟ್ಟ. ಮೆಟ್ಟಿಲು ಸಾವಿರ. ತೋಟದ ಗುಡ್ಡ ಹತ್ತಿಳಿಯುವವರಿಗೆ ಅದೇನು ಲೆಕ್ಕ? ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ, ದೊಡ್ಡ ದೇವರಾಜ ಒಡೆಯರ ಕಾಲದ್ದು. ಇಳಿಯಲು ಬಸ್ಸಿದೆ. ತಿಂಡಿ ತಿಂದು ಮೃಗಾಲಯ, ಅದರ ಪಕ್ಕದ ಕಾರಂಜಿ ಕೆರೆ. 1892ರಲ್ಲಿ ಆರಂಭವಾದ ಈ ಮೃಗಾಲಯಕ್ಕೆ ಮಂಗಳವಾರ ರಜೆ, ಅದಕ್ಕೇ ಸೋಮವಾರವೇ ಆಗಬೇಕು. ದಿನಕ್ಕೆ ಎರಡು ಜಾಗ ಸಾಕು. ಮಧ್ಯಾಹ್ನ ಕೆರೆಯ ಏರಿಯ ನೆರಳಿನಲ್ಲಿ ಗಂಟೆಗಟ್ಟಲೆ ಕೂತರೂ ನಷ್ಟವಿಲ್ಲ. ಮನೆಯಲ್ಲಿ ಹತ್ತು ಜನರ ನಡುವೆ ಆಡಲಾಗದ ಮಾತು ಅಲ್ಲಿ ಆಡಲಿ. ದುಡ್ಡಿಲ್ಲದೆ ಕೂರಬೇಕೆಂದರೆ ಕುವೆಂಪು ಅವರು ನಡೆದಾಡುತ್ತಿದ್ದ ಕುಕ್ಕರಹಳ್ಳಿ ಕೆರೆ ಇದೆ.

ಸಂಜೆ ಕನ್ನಂಬಾಡಿಗೆ ಬಸ್ಸು ಹಿಡಿಯಬಹುದು. ಬೃಂದಾವನದ ಕಾರಂಜಿಗಿಂತ ನಮಗೆ ಅಲ್ಲಿ ನೋಡಬೇಕಾದ್ದು ನೀರು. ಕೊಡಗಿನಿಂದ ಬಂದ ಕಾವೇರಿ, ಮೂಡಿಗೆರೆ, ಸಕಲೇಶಪುರ ದಾಟಿ ಬಂದ ಹೇಮಾವತಿ, ಎರಡೂ ಆ ಕಟ್ಟೆಯ ಹಿಂದೆ ನಿಂತಿವೆ. ನಮ್ಮ ಕಾಫಿ ಗಿಡದ ಮೇಲೆ ಸುರಿದು, ನಮ್ಮನ್ನು ಮೂರು ತಿಂಗಳು ಒಳಗೆ ಕೂಡಿಹಾಕಿದ್ದ ಮಳೆ ಅದೇ. ಮರಳುವ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಇಳಿದ ಕೂಡಲೇ ವಿಚಾರಿಸಿಟ್ಟುಕೊಳ್ಳಿ. ಈ ದಿನಗಳಲ್ಲಿ ಸಂಜೆಗೆ ಗುಡುಗು ಮಳೆ ಬರುವುದುಂಟು, ಕೊಡೆ ಕೈಯಲ್ಲಿರಲಿ.

ಮಂಗಳವಾರ ಬೆಳಿಗ್ಗೆ ಜಗನ್ಮೋಹನ ಅರಮನೆಯ ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ, ಹಲ್ದಣ್‌ಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಆಮೇಲೆ ದೇವರಾಜ ಮಾರುಕಟ್ಟೆ. 2016ರಲ್ಲಿ ಇದರ ಒಂದು ಭಾಗ ಕುಸಿದಿತ್ತು, ಆದರೂ ಹೂವಿನ ಸಾಲು, ಬಾಳೆಹಣ್ಣಿನ ಸಾಲು, ವೀಳ್ಯದೆಲೆಯ ಸಾಲು ನೋಡಲು ಯಾವ ಟಿಕೆಟೂ ಬೇಡ. ಅಲ್ಲಿ ಅಡಿಕೆ ಏನು ದರಕ್ಕೆ ಮಾರುತ್ತಾರೆಂದು ಕೇಳಿಕೊಂಡು ಬನ್ನಿ, ಮುಂದಿನ ಸಭೆಯಲ್ಲಿ ಮಾತಿಗೆ ಬರುತ್ತದೆ. ಮೈಸೂರು ಮಲ್ಲಿಗೆ ಸಿಕ್ಕಿದರೆ ಒಂದು ಮೊಳ, ಮನೆಯವರಿಗೆ ಕಾಲು ಕಿಲೋ ಮೈಸೂರುಪಾಕು. ರೇಷ್ಮೆ ಸೀರೆಯ ಅಂಗಡಿಯ ಮೆಟ್ಟಿಲು ಮಾತ್ರ ಈ ಬಜೆಟ್ಟಿನಲ್ಲಿ ಹತ್ತುವಂತಿಲ್ಲ. ಹುಡುಗ ಅದನ್ನು ಬಸ್ಸು ಹತ್ತುವ ಮೊದಲೇ ಹೇಳಿಬಿಡುವುದು ಕ್ಷೇಮ.

ಮನೆಯ ಕಡೆ ಯಾರು ನೋಡಿಕೊಳ್ಳುವುದು? ಅಪ್ಪ ಅಮ್ಮ ಗಟ್ಟಿಯಾಗಿದ್ದರೆ ಪ್ರಶ್ನೆಯಿಲ್ಲ. ಇಲ್ಲದಿದ್ದರೆ ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯನ್ನು ಇಲ್ಲಿಗೂ ತರಬಹುದು. ಈ ವಾರ ಪಕ್ಕದ ಮನೆಯ ಜೋಡಿ ಹೋಗಲಿ. ಅವರ ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಸಂಜೆ ತೋಟಕ್ಕೊಂದು ಸುತ್ತು ಹಾಕಿ ನೀವು ನೋಡಿಕೊಳ್ಳಿ. ಮುಂದಿನ ವಾರ ನಿಮ್ಮ ಸರದಿ. ಅಡಿಕೆ ಸುಲಿಯಲು, ಕಾಫಿ ಕೊಯ್ಯಲು ಕೊಡುವ ಮುಯ್ಯಿಗಿಂತ ಇದು ಹಗುರ. ಹಿರಿಯರಲ್ಲಿ ಒಂದು ವಿನಂತಿ: ದಿನಕ್ಕೊಂದು ಫೋನು ಸಾಕು. "ಗೊಬ್ಬರದ ಚೀಲ ಎಲ್ಲಿಟ್ಟಿದ್ದೀ ಮಗಾ?" ಎಂದು ಕೇಳಲು ಬುಧವಾರ ಇದ್ದೇ ಇದೆ.

ಮರಳುವಾಗ ಮೈಸೂರನ್ನು ಬೆಳಿಗ್ಗೆ ಹನ್ನೊಂದರೊಳಗೆ ಬಿಡಬೇಕು. ದೊಡ್ಡ ಊರಿಗೆ ರಾತ್ರಿಯೂ ಬಸ್ಸುಂಟು, ನಮ್ಮ ಊರಿನ ಕಡೆಯ ಬಸ್ಸು ಮಾತ್ರ ಸಂಜೆಗೇ ಕೊನೆಯಾಗುತ್ತದೆ. ಮಳೆ ಜೋರಾದ ವರ್ಷ ಸಂಪಾಜೆ, ಶಿರಾಡಿ ಘಾಟಿಗಳ ದಾರಿ ತೆರೆದಿದೆಯೇ ಎಂದು ಡಿಪೋದಲ್ಲಿ ಕೇಳಿಯೇ ಟಿಕೆಟು ತೆಗೆದುಕೊಳ್ಳಿ. 2018ರ ಆಗಸ್ಟಿನ ಕುಸಿತವನ್ನು ಆ ದಾರಿಯವರು ಮರೆತಿಲ್ಲ. ಕೈಮಿಗಿಲಿನ ಐನೂರು ಅಲ್ಲಿಯವರೆಗೂ ಜೇಬಿನಲ್ಲಿದ್ದರೆ, ಕೊನೆಯ ಬಸ್ಸು ತಪ್ಪಿದಾಗ ತಾಲೂಕು ಕೇಂದ್ರದಿಂದ ಮನೆಯವರೆಗಿನ ಜೀಪಿನ ಬಾಡಿಗೆಗೆ ಅದು ಒದಗುತ್ತದೆ.