ಸೊಲ್ಲಾಪುರದ ಕನ್ನಡ ಶಾಲೆಯ ಅಂಗಳ: ಧೂಳು, ನೆರಳು, ನೀರು

ಗಡಿಯಾಚೆಯ ಕನ್ನಡ ಶಾಲೆ ಅಂದ ಕೂಡಲೇ ನಾವು ಪಠ್ಯಪುಸ್ತಕ, ಶಿಕ್ಷಕರ ನೇಮಕ, ದಾಖಲಾತಿ ಇವುಗಳ ಬಗ್ಗೆ ಮಾತಾಡುತ್ತೇವೆ. ನಾನು ಇವತ್ತು ಅಲ್ಲಿನ ಗಾಳಿಯ ಬಗ್ಗೆ ಮಾತಾಡ್ತೀನಿ. ನಾನು ಓದಿದ್ದು ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ. ಅದರ ಗೇಟಿಗೂ ರಸ್ತೆಗೂ ನಡುವೆ ಇದ್ದದ್ದು ಎರಡು ಮಾರು ಮಣ್ಣು, ಅಷ್ಟೇ.

ಕೇಂದ್ರ ಸರ್ಕಾರ 2019ರಲ್ಲಿ ಶುರುಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಸೊಲ್ಲಾಪುರವೂ ಇದೆ. ಅಂದರೆ ಗಾಳಿಯ ಮಾನದಂಡ ಮುಟ್ಟದ ನಗರಗಳಲ್ಲಿ ಅದೂ ಒಂದು. ನಮ್ಮ ದೇಶದ ಮಾನದಂಡದ ಪ್ರಕಾರ ವಾರ್ಷಿಕ ಸರಾಸರಿಯಲ್ಲಿ ಪಿಎಂ 10 ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ 2.5 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ದಪ್ಪ ಕಣ ಬಹುಪಾಲು ರಸ್ತೆ ಅಂಚಿನ ಮಣ್ಣು, ಕಟ್ಟಡದ ಪುಡಿ. ಸಣ್ಣ ಕಣ ಹೆಚ್ಚಾಗಿ ಉರಿಯುವುದರಿಂದ ಬರುತ್ತದೆ: ಗಾಡಿಯ ಹೊಗೆ, ಕಸದ ಬೆಂಕಿ. ಮೊದಲನೆಯದಕ್ಕೆ ನೆಲ ಮುಚ್ಚಬೇಕು, ಎರಡನೆಯದಕ್ಕೆ ಬೆಂಕಿ ಮತ್ತು ಎಂಜಿನ್ ನಿಲ್ಲಿಸಬೇಕು. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಎರಡನೇ ಇಯತ್ತೆಯ ಹುಡುಗಿಯ ಮೂಗು ರಿಕ್ಷಾದ ಹೊಗೆಕೊಳವೆಗೆ ಎಷ್ಟು ಹತ್ತಿರ ಅಂತ ಗೇಟಿನ ಹತ್ತಿರ ಒಮ್ಮೆ ನಿಂತು ನೋಡಿ.

ಹಸಿರಿನ ಬಗ್ಗೆ ನನಗೆ ಮುಖ್ಯವೆನಿಸಿದ ಅಧ್ಯಯನ ಬಾರ್ಸಿಲೋನಾದ್ದು, 2015ರಲ್ಲಿ ಪ್ರಕಟವಾಯಿತು. 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿದಾಗ, ಶಾಲೆಯ ಸುತ್ತ ಹಸಿರು ಹೆಚ್ಚಿದ್ದಲ್ಲಿ ಮಕ್ಕಳ ಕಾರ್ಯಸ್ಮೃತಿ ಹೆಚ್ಚು ಬೆಳೆದದ್ದು ಕಂಡಿತು. ಈ ಲಾಭದಲ್ಲಿ ಒಂದು ಪಾಲು ವಾಹನದ ಮಾಲಿನ್ಯ ಕಡಿಮೆಯಾದದ್ದರಿಂದ ಬಂದದ್ದು.

ಹಾಗಂತ ಎಲ್ಲಿ ಬೇಕಾದರೂ ಗಿಡ ನೆಟ್ಟರೆ ಆಗುವುದಿಲ್ಲ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟು ಗಲ್ಲಿಯಲ್ಲಿ ಮರದ ಕೊಂಬೆಗಳು ಮೇಲೆ ಕೂಡಿಕೊಂಡರೆ ಹೊಗೆ ಕೆಳಗೇ ನಿಲ್ಲುತ್ತದೆ. ಅಂಥಲ್ಲಿ ಬೇಕಾದ್ದು ರಸ್ತೆಗೂ ಮಕ್ಕಳಿಗೂ ನಡುವೆ, ಬುಡದಿಂದಲೇ ದಟ್ಟವಾದ ಬೇಲಿ. ನನ್ನ ಆಯ್ಕೆ ಮೆಹಂದಿ ಬೇಲಿ: ಬಿಸಿಲು ತಡೆಯುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ. ಹೆದ್ದಾರಿಯ ನಡುವೆ ಹಾಕುವ ಕಣಗಿಲೆ ಗಟ್ಟಿಯೇ, ಆದರೆ ಗಿಡವೆಲ್ಲ ವಿಷ, ಶಾಲೆಗೆ ಬೇಡ. ಬೇಗ ಬೆಳೆಯುತ್ತದೆ ಅಂತ ಕೊಡುವ ಕೊನೊಕಾರ್ಪಸ್ಸೂ ಬೇಡ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದೆ. ಅಂಗಳದ ಒಳಗೆ ನೆರಳಿಗೆ ಬೇವು, ಹೊಂಗೆ ಸಾಕು.

ಕಷ್ಟ ಇರೋದು ನೀರಿನದ್ದು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಇದು. ಈಗ ಭೀಮಾ ನದಿಯ ಉಜನಿ ಜಲಾಶಯವನ್ನು ನಂಬಿದೆ, ನಲ್ಲಿ ದಿನಾ ಬರುವುದಿಲ್ಲ. ಹುಲ್ಲುಹಾಸಿನ ಯೋಜನೆ ಇಲ್ಲಿ ಏಪ್ರಿಲ್‌ಗೇ ಒಣಗುತ್ತದೆ. ಆದರೆ ಮಧ್ಯಾಹ್ನದ ಊಟ ಆದಮೇಲೆ ಮಕ್ಕಳು ಕೈ, ತಟ್ಟೆ ತೊಳೆಯುವ ನೀರು ಎಲ್ಲಿಗೆ ಹೋಗುತ್ತದೆ? ಗಟಾರಕ್ಕೆ. ಅನ್ನದ ಅಗಳು ಸೋಸಿ ಅದೇ ನೀರನ್ನು ಬೇಲಿಯ ಸಾಲಿಗೆ ತಿರುಗಿಸಿದರೆ ಗಿಡ ಉಳಿಯುತ್ತವೆ. ಉದುರಿದ ಎಲೆಗಳನ್ನು ಸುಡುವ ಬದಲು ಬುಡಕ್ಕೆ ಹೊದಿಸಬೇಕು. ನೀರು ಆರುವುದು ತಡವಾಗುತ್ತದೆ, ಮುಂಜಾನೆಯ ಹೊಗೆಯೂ ತಪ್ಪುತ್ತದೆ. ಗೇಟಿನಿಂದ ನೂರು ಹೆಜ್ಜೆ ದೂರದಲ್ಲಿ ರಿಕ್ಷಾ ನಿಲ್ಲಿಸಿ ಎಂಜಿನ್ ಬಂದ್ ಮಾಡಿಸಲು ಖರ್ಚೇ ಇಲ್ಲ.

ಇನ್ನು ಭಾಷೆಯ ಮಾತು. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಸಂರಕ್ಷಣಾ ಕಾಯ್ದೆ ಇದೆ. ಅದರಡಿ ವೃಕ್ಷ ಪ್ರಾಧಿಕಾರ ಸಾರ್ವಜನಿಕ ಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ರಸ್ತೆ ಅಗಲ ಮಾಡುವಾಗ ನಮ್ಮ ಗೇಟಿನ ಎರಡು ಬೇವಿನಮರ ಹೋದವು. ಸೂಚನೆ ಮರಾಠಿಯಲ್ಲಿತ್ತು. ಬೀಡಿ ಕಟ್ಟುವ, ಮಗ್ಗಕ್ಕೆ ಹೋಗುವ ತಾಯಂದಿರಿಗೆ ಅದು ತಿಳಿಯಲೇ ಇಲ್ಲ, ಯಾರೂ ಅರ್ಜಿ ಹಾಕಲಿಲ್ಲ. ನೆರಳು ಹೋದಮೇಲೆ ಮಾರ್ಚ್‌ನಿಂದ ಮಕ್ಕಳನ್ನು ಅಂಗಳಕ್ಕೆ ಬಿಡುವುದೇ ನಿಂತಿತು. ಅಂಗಳವಿಲ್ಲದ ಶಾಲೆಗೆ ಯಾಕೆ ಕಳಿಸಬೇಕು ಅಂತ ಪಾಲಕರು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಬೇಕಲ್ಲ. ದಾಖಲಾತಿಯ ಪ್ರಶ್ನೆಯೂ ಇಲ್ಲೇ ಬಂದು ಸೇರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ಆ ಸಭೆ ಕನ್ನಡದಲ್ಲೇ ನಡೆಯಬಹುದು. ಅಲ್ಲಿ ಓದಿ ಹೇಳಲು ಆಕ್ಷೇಪಣೆ ಅರ್ಜಿಯ ಕರಡನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದಿದ್ದೇನೆ. ಜೂನ್ ಮಧ್ಯದಲ್ಲಿ ಶಾಲೆ ಸುರುವಾಗುತ್ತದೆ. ಅಷ್ಟರೊಳಗೆ ತಾವೆಲ್ಲ ಅದನ್ನು ತಿದ್ದಿಕೊಡಬೇಕು.