ಪವರ್ ಹೌಸ್ ಹೇಳಿದಂತೆ ಹರಿಯುವ ಕಾಳಿ

ಗಣೇಶಗುಡಿಗೆ ರಾಫ್ಟಿಂಗ್‌ಗೆಂದು ಹೋದವರ ಮೊದಲ ಪ್ರಶ್ನೆ, 'ನೀರು ಬಿಟ್ಟಿದ್ದಾರಾ?' ಸುಡುಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಬತ್ತಿದ್ದರೂ ಇಲ್ಲಿ ಕಾಳಿ ನೊರೆಯುಕ್ಕಿಸುತ್ತಾಳೆ. ಕಾರಣ, ಮೇಲಿರುವ ಸೂಪಾ ಪವರ್ ಹೌಸಿನ ಟರ್ಬೈನು ತಿರುಗಿಸಿ ಹೊರಬಂದ ನೀರು. ಟರ್ಬೈನು ನಿಂತರೆ ಸೆಳೆತವೂ ಇಳಿಯುತ್ತದೆ.

ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಉದ್ದ ಸುಮಾರು 184 ಕಿ.ಮೀ. ತಾರುಣ್ಯದಲ್ಲಿ ಕಾರವಾರಕ್ಕೆ ಬಂದಿದ್ದ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ದೋಣಿಯೇರಿ ಹೋದದ್ದು ಇದೇ ನದಿಯಲ್ಲಿ. ಆಗ ನೀರಿನ ಏರಿಳಿತವೆಲ್ಲ ಮಳೆ ಮತ್ತು ಸಮುದ್ರದ ಭರತ-ಇಳಿತಗಳ ಕೈಯಲ್ಲಿತ್ತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿದ ಮೇಲೆ ಲೆಕ್ಕ ಬದಲಾಯಿತು. ಸೂಪಾ ಪೇಟೆಯೇ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ನಮ್ಮ ಮನೆಯ ದೀಪದ ಬಿಲ್ಲಿನಲ್ಲಿ ಆ ಊರಿನ ಬೆಲೆ ಎಲ್ಲೂ ನಮೂದಾಗಿಲ್ಲ.

ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರು 100 ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ ಕಾಲು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೇ. ಆದ್ದರಿಂದಲೇ ಎಂಜಿನಿಯರುಗಳು ಅದೇ ನೀರನ್ನು ಮತ್ತೆ ಮತ್ತೆ ಬೀಳಿಸುತ್ತಾರೆ. ಸೂಪಾದಲ್ಲಿ 100 ಮೆಗಾವಾಟ್; ಆಮೇಲೆ ಬೊಮ್ಮನಹಳ್ಳಿ ಜಲಾಶಯದಿಂದ ಸುರಂಗದಲ್ಲಿ ಸಾಗಿ ನಾಗಝರಿಯಲ್ಲಿ ಸುಮಾರು 900; ಮುಂದೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಕೈಗಾ ಅಣುಸ್ಥಾವರಕ್ಕೆ ತಂಪು ಕೊಡುವುದೂ ಕದ್ರಾದ ನೀರೇ.

ಕಲ್ಲಿದ್ದಲ ಸ್ಥಾವರವನ್ನು ಉರಿಸಿ ಬಿಸಿಯೇರಿಸಲು ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಜನರೇಟರು ನಿಮಿಷಗಳಲ್ಲಿ ಸಿದ್ಧ. ಹಾಗಾಗಿ ರಾಜ್ಯದಲ್ಲಿ ಬೇಡಿಕೆ ಏರಿದಾಗ ಇದನ್ನು ಓಡಿಸುತ್ತಾರೆ, ತಗ್ಗಿದಾಗ ನಿಲ್ಲಿಸುತ್ತಾರೆ. ಪ್ರವಾಸಿಗರಿಗೆ ಇದು ಮೋಜು, ಮೀನಿಗೆ ಗೊಂದಲ. ಒಂದೇ ದಿನದಲ್ಲಿ ನೀರು ಏರಿ ಇಳಿದರೆ ದಡದಂಚಿನ ಮೊಟ್ಟೆಗಳು ಒಣಗಬಹುದು. ಆಳವಾದ ಜಲಾಶಯಗಳಲ್ಲಿ ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ ಪದರಗಟ್ಟುತ್ತದೆ; ತಳದ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಟರ್ಬೈನು ದಾಟಿ ಹೊಳೆಗಿಳಿಯುವುದು ಎಷ್ಟೋ ಸಲ ಈ ತಳದ ನೀರೇ. ಹೊಳೆ ಹೊತ್ತು ತಂದ ಮಣ್ಣು ಕಟ್ಟೆಯ ಹಿಂದೆಯೇ ಕೂರುತ್ತದೆ. ರಾಫ್ಟಿಂಗ್ ಜಾಹೀರಾತುಗಳು 'ಕಾಡುನದಿ' ಎಂದು ಹೊಗಳುವುದು ಇಂಥ ಹೊಳೆಯನ್ನು!

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಅಣೆಕಟ್ಟಿನ ಕೆಳಗೆ ಹೊಳೆ ಶಾಂತವಾಗಿದೆಯೆಂದು ನಡುಬಂಡೆಗೆ ಹೋಗಿ ಫೋಟೊ ತೆಗೆಯಬೇಡಿ. ಆಕಾಶದಲ್ಲಿ ಮೋಡವೇ ಇಲ್ಲದಿದ್ದರೂ ನೀರು ಏರಬಹುದು. ಸೈರನ್ ಕೇಳಿಸಿದರೆ ಕೂಡಲೇ ದಡ ಹತ್ತಿ.